ಸೊಟ್ಟ ಕೂತ ಲಿಪ್: ಕಿತ್ತು ಕೂರಿಸಬೇಕಾ, ಕೊಂಡಿ ಬಗ್ಗಿಸಿದರೆ ಸಾಕಾ?

ತೇಲುಬೆಂಡು: ಮರದ ಲ್ಯೂರ್, ಅಂದರೆ ಮೀನು ಹಿಡಿಯುವ ನಕಲಿ ಮೀನು, ಮಾಡುವವರಿಗೆ ಒಂದು ಮಾತು. ಮೂತಿಯ ಕೆಳಗಿನ ಪ್ಲಾಸ್ಟಿಕ್ ನಾಲಿಗೆ, ಅದೇ ಲಿಪ್, ಸೊಟ್ಟಗೆ ಅಂಟಿಕೊಂಡಿದ್ದರೆ ಕಿತ್ತು ಮತ್ತೆ ಕೂರಿಸಿ. ದಾರ ಕಟ್ಟುವ ಮೂತಿಯ ಕೊಂಡಿ ಬಗ್ಗಿಸಿ ಸರಿ ಮಾಡುವುದು ಬರೀ ತೇಪೆ ಕೆಲಸ. ನಿಧಾನಕ್ಕೆ ಎಳೆದಾಗ ನೆಟ್ಟಗೆ ಬರುತ್ತದೆ, ಜೋರಾಗಿ ಎಳೆದರೆ ಮಗುಚಿಕೊಳ್ಳುತ್ತದೆ.

ಗಾಳಗಾರ: ತೇಪೆ ಕೆಲಸವಾ? ಅಂಗಡಿಯಲ್ಲಿ ಕೊಂಡ ಲ್ಯೂರನ್ನೂ ಜನ ಹೀಗೇ ಸರಿ ಮಾಡಿಕೊಳ್ಳುತ್ತಾರೆ. ಎಡಕ್ಕೆ ಓಡಿದರೆ ಕೊಂಡಿಯನ್ನು ಇಕ್ಕಳದಿಂದ ಒಂಚೂರು ಬಲಕ್ಕೆ ಬಗ್ಗಿಸಿ, ನೀರಿಗೆ ಹಾಕಿ ನೋಡಿ, ಬೇಕಾದರೆ ಇನ್ನೊಂಚೂರು. ಮುಗೀತು.

ಉಳಿಸುತ್ತಿಗೆ: "ಬಲಕ್ಕೆ" ಅಂದರೆ ಯಾರ ಬಲ? ಲ್ಯೂರ್ ನನ್ನ ಕಡೆ ಮುಖ ಮಾಡಿಕೊಂಡು ಬರುತ್ತದೆ. ಅದರ ಎಡ ನನಗೆ ಬಲ. ಹೊಸಬರು ಇದನ್ನು ಓದಿ ಇದ್ದದ್ದನ್ನೂ ಕೆಡಿಸಿಕೊಳ್ಳುತ್ತಾರೆ.

ಗಾಳಗಾರ: ಯಾರ ಬಲವಾದರೇನು ಸ್ವಾಮಿ, ಅದು ಓಡಿದ ಕಡೆಗೆ ಎದುರು ದಿಕ್ಕು. ಅಷ್ಟೇ.

ಉಳಿಸುತ್ತಿಗೆ: "ಅಷ್ಟೇ" ಅಲ್ಲ. ನೀರಲ್ಲಿ ಅದರ ಮುಖ ನನ್ನ ಕಡೆ. ಇಕ್ಕಳ ಹಿಡಿದು ಕೂತಾಗ ಬಾಲ ನನ್ನ ಕಡೆ, ಕೆಲವರು ಹೊಟ್ಟೆ ಮೇಲೆ ಮಾಡಿಯೂ ಹಿಡಿಯುತ್ತಾರೆ. ಎಡ ಬಲ ಅದಲುಬದಲಾಗುವುದು ಅಲ್ಲೇ.

ಹಿನ್ನೀರು: ಕೀಳುವ ವಿಷಯಕ್ಕೆ ಬನ್ನಿ. ಲಿಪ್ ಕೂರಿಸಿದ ಎಪಾಕ್ಸಿ ಅಂಟು ಬಿಸಿಗೆ ಮೆತ್ತಗಾಗುತ್ತದೆ. ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್ಕಿನ ಲಿಪ್ ಬಾಗಲು 147 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗಬೇಕು. ಕೂದಲು ಒಣಗಿಸುವ ಡ್ರೈಯರ್ ಹಿಡಿದು ನಿಧಾನಕ್ಕೆ ಎಳೆದರೆ ಬರುತ್ತದೆ.

ಅರೆಒಣಗಿದಂಟು: 147 ಅಂತೆ! ನನ್ನ ಲಿಪ್ ಕುದಿನೀರಿಗಿಂತ ತುಸು ಹೆಚ್ಚಿನ ಬಿಸಿಗೇ ಬಾಗಿಹೋಯಿತು. ಬಣ್ಣ ಗುಳ್ಳೆ ಎದ್ದದ್ದು ಬೇರೆ.

ಹಿನ್ನೀರು: ಹಾಗಾದರೆ ಅದು ಅಕ್ರಿಲಿಕ್, ಬೇರೆ ಪ್ಲಾಸ್ಟಿಕ್. ಅದು 105ರ ಹತ್ತಿರವೇ ಮೆತ್ತಗಾಗುತ್ತದೆ. ಹಾಳೆ ಯಾವುದು ಅಂತ ನೋಡದೆ ಕತ್ತರಿಸಿದ್ದು ನೀವು, ಬೈಗುಳ ನನಗೆ.

ಅರೆಒಣಗಿದಂಟು: ಬಣ್ಣದ ಬಗ್ಗೆ ಮಾತೇ ಇಲ್ಲ, ಅಲ್ವಾ? ಸೂಪರ್ ಗ್ಲೂನಲ್ಲಿ ಅಂಟಿಸಿ. ತಪ್ಪಿದರೆ ಅಸಿಟೋನ್ ಹಚ್ಚಿ ಬಿಡಿಸಬಹುದು.

ತೇಲುಬೆಂಡು: ಅಸಿಟೋನ್ ಪಾಲಿಕಾರ್ಬೊನೇಟಿಗೆ ತಗುಲಿದರೆ ಲಿಪ್ ಬೆಳ್ಳಗಾಗಿ ಬಿರುಕು ಬಿಡುತ್ತದೆ. ಲಿಪ್ಪನ್ನು ಬುಡಕ್ಕೆ ಸರಿಯಾಗಿ ಕತ್ತರಿಸಿ, ಅದು ಕೂರಲು ಗರಗಸದಲ್ಲಿ ಹೊಸ ಸೀಳು ತೆಗೆಯಿರಿ. ಅಂಟು ಹಾಕುವ ಮುಂಚೆ ಮೂತಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿ.

ಗಾಳಗಾರ: "ಮೂತಿಯ ಕಡೆಯಿಂದ" ಅಂತೆ. ಉಳಿಸುತ್ತಿಗೆಯವರೇ, ಈಗ ಯಾರ ಎಡ ಅಂತ ಕೇಳಲಿಲ್ಲವಲ್ಲ?

ಉಳಿಸುತ್ತಿಗೆ: ವ್ಯಂಗ್ಯ ಬೇಡ. ಎಡ, ಬಲ ಅನ್ನುವುದನ್ನೇ ಬಿಟ್ಟು "ಲ್ಯೂರ್ ಹೋಗಬೇಕಾದ ಕಡೆಗೆ ಕೊಂಡಿ" ಅಂತ ಬರೆಯಿರಿ. ನಾನು ಹೇಳಿದ್ದು ಅದನ್ನೇ.

ಗಾಳಗಾರ: ನಾನು ಎರಡನೇ ಸಲ ಬರೆದದ್ದೂ ಅದೇ! ಮೇಲೆ ಹೋಗಿ ಓದಿ.

ಉಳಿಸುತ್ತಿಗೆ: ಎರಡನೇ ಸಲ. ಮೊದಲ ಸಲ "ಬಲಕ್ಕೆ" ಅಂದಿರಿ. ಹೊಸಬರು ಓದುವುದು ಮೊದಲನೆಯದನ್ನು.

ಹಿನ್ನೀರು: ಇಬ್ಬರೂ ಸ್ವಲ್ಪ ಸುಮ್ನಿರಿ. ಒಂದು ಕಡೆ ಓಡುವುದು ಬೇರೆ, ಮಗ್ಗುಲಾಗಿ ಮಲಗುವುದು ಬೇರೆ. ಮಲಗಿದರೆ ತೂಕ ಮೇಲೆ ಕೂತಿದೆ ಅಂತ. ಹೊಟ್ಟೆಯ ಕೆಳಗೆ ತೂತು ಕೊರೆದು ಸೀಸ ತುಂಬಿ. ಟಂಗ್‌ಸ್ಟನ್ ಇನ್ನೂ ಒಳ್ಳೆಯದು. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ಟಂಗ್‌ಸ್ಟನ್ನಿನದು 19.3. ಚಿಕ್ಕ ತೂತು ಸಾಕು.

ಅರೆಒಣಗಿದಂಟು: "ತೂತು ಕೊರೆದು" ಅಂತ ಹೇಳುವುದು ಸುಲಭ. ಹಳೆ ಸೀಸಕ್ಕೆ ಡ್ರಿಲ್ ತಗುಲಿ ಪುಡಿ ಎದ್ದರೆ ಅದು ವಿಷ. ಉಸಿರಲ್ಲಿ ಒಳಗೆ ಹೋಗಬಾರದು.

ತೇಲುಬೆಂಡು: ಕೊಂಡಿ ಬಗ್ಗಿಸುವವರು ಇನ್ನೊಂದು ಮರೆತಿದ್ದಾರೆ. ಬಾಲ್ಸಾ ಅನ್ನುವ ಮೆತ್ತನೆ ಮರದಲ್ಲಿ ಬರೀ ಸ್ಕ್ರೂ ಕೊಂಡಿ ಇದ್ದರೆ ಇಕ್ಕಳ ಹಾಕಿದಾಗಲೆಲ್ಲ ಬುಡ ಸಡಿಲವಾಗುತ್ತದೆ. ಮೇಲಿನ ಎಪಾಕ್ಸಿ ಸೀಳುತ್ತದೆ. ನೀರು ಒಳಗಿಳಿದು ಮರ ಉಬ್ಬುತ್ತದೆ.

ಗಾಳಗಾರ: ಬಾಲ್ಸಾಗೆ ಯಾರು ಸ್ಕ್ರೂ ಹಾಕುತ್ತಾರೆ? ಮೂತಿಯಿಂದ ಬಾಲದವರೆಗೆ ಒಂದೇ ಸ್ಟೇನ್‌ಲೆಸ್ ತಂತಿ ಎಳೆಯಿರಿ, ಎಷ್ಟು ಬೇಕಾದರೂ ಬಗ್ಗಿಸಿ.

ಉಳಿಸುತ್ತಿಗೆ: "ಎಷ್ಟು ಬೇಕಾದರೂ"? ಒಂದೇ ಜಾಗದಲ್ಲಿ ಆಚೆ ಈಚೆ ಬಗ್ಗಿಸಿದರೆ ಯಾವ ತಂತಿಯಾದರೂ ಮುರಿಯುತ್ತದೆ. ನೀವು ಬಲಕ್ಕೆ, ಎಡಕ್ಕೆ ಅಂತ ಗೊಂದಲ ಮಾಡಿಕೊಂಡರಂತೂ ಬೇಗನೇ.