ಇನ್ಸುಲಿನ್ ಬಿಡಿಸುವ ಶಿಬಿರದ ಬಗ್ಗೆ ಕೇಳಿದ ಮಗಳಿಗೆ

ಮಗಳೇ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಕೇಳಿದ್ದನ್ನು ಈಗ ನೋಡಿದೆ. ಪುಟ್ಟನಿಗೆ ಡಯಾಬಿಟಿಸ್ ಎಂದು ತಿಳಿದು ಎರಡು ತಿಂಗಳಾಗುವಷ್ಟರಲ್ಲಿ ಇನ್ಸುಲಿನ್ ಪ್ರಮಾಣ ತಾನಾಗಿಯೇ ಅರ್ಧಕ್ಕೆ ಇಳಿದಿದೆ, ಅದನ್ನೇ ಹಿಡಿದುಕೊಂಡು ನಿನ್ನ ಅತ್ತೆಯ ಕಡೆಯವರು ಒಂದು ಶಿಬಿರದ ಕರಪತ್ರ ಕಳಿಸಿದ್ದಾರೆ, ದಸರಾ ರಜೆಯಲ್ಲಿ ಸಂಸಾರ ಸಮೇತ ಹೋಗಿ ಉಳಿದರೆ ಉಪವಾಸ, ಕಷಾಯ, ಮಣ್ಣಿನ ಪಟ್ಟಿಗಳಿಂದ ಮಕ್ಕಳ ಇನ್ಸುಲಿನ್ ಪೂರ್ತಿ ಬಿಡಿಸುತ್ತಾರಂತೆ, ಹೋಗಬಹುದೇ ಎಂದು ಕೇಳಿದ್ದೀಯ. ನನ್ನ ಉತ್ತರ ಉದ್ದವಾಗುತ್ತದೆ, ಆದರೂ ಪೂರ್ತಿ ಕೇಳು. ಯಾರು ಏನೇ ಹೇಳಲಿ, ಒಂದು ಹೊತ್ತಿನ ಇನ್ಸುಲಿನ್ನನ್ನೂ ತಪ್ಪಿಸಬೇಡ.

ನಮ್ಮ ಕೊನೆಯ ಮೈದುನನ ಮಗಳು ಶಾಲೆಗೆಂದು ಸಾಗರದ ಮನೆಯಲ್ಲಿ ನನ್ನ ಬಳಿಯೇ ಇದ್ದದ್ದು ನಿಮಗೆಲ್ಲ ಗೊತ್ತು. ಅವಳದ್ದೂ ಪುಟ್ಟನದೇ ಕಾಯಿಲೆ. ಆಗ ಮನೆಗಳಲ್ಲಿ ಗ್ಲೂಕೋಮೀಟರ್ ಎಲ್ಲಿತ್ತು? ಬೆಳಿಗ್ಗೆ ಎದ್ದ ಕೂಡಲೇ ಪ್ರನಾಳದಲ್ಲಿ 5 ಮಿಲಿಲೀಟರ್ ಬೆನೆಡಿಕ್ಟ್ ದ್ರಾವಣಕ್ಕೆ ಅವಳ ಮೂತ್ರದ 8 ಹನಿ ಬಿಟ್ಟು ಸ್ಪಿರಿಟ್ ದೀಪದ ಮೇಲೆ ಕುದಿಸುತ್ತಿದ್ದೆ. ನೀಲಿ ನೀಲಿಯಾಗಿಯೇ ಉಳಿದರೆ ಸಮಾಧಾನ, ಹಸಿರು, ಹಳದಿ ದಾಟಿ ಇಟ್ಟಿಗೆಗೆಂಪಿಗೆ ತಿರುಗಿದರೆ ಸಕ್ಕರೆ ವಿಪರೀತವಾಗಿದೆ ಎಂದು ಅರ್ಥ. ಇನ್ಸುಲಿನ್ ಸೀಸೆಯನ್ನು ಒದ್ದೆ ಮರಳು ತುಂಬಿದ ಮಡಕೆಯಲ್ಲಿ ಇಡುತ್ತಿದ್ದೆವು, ಗಾಜಿನ ಸಿರಿಂಜನ್ನು ಕುದಿಸಿ ಬಳಸುತ್ತಿದ್ದೆವು. ಇಷ್ಟು ಮಾಡಿಕೊಂಡು ಹುಡುಗಿ ಚೆನ್ನಾಗಿಯೇ ಓದಿಕೊಂಡಿದ್ದಳು.

ಒಂದು ಬೇಸಿಗೆ ರಜೆಯಲ್ಲಿ ಅವಳ ಅಪ್ಪ ಅಮ್ಮ ಅವಳನ್ನು ಇಂಥದ್ದೇ ಒಂದು ಕುಟುಂಬ ಶಿಬಿರಕ್ಕೆ ಕರೆದುಕೊಂಡು ಹೋದರು. ಅಲ್ಲಿಯವರು ಮೊದಲು ಮಾಡಿದ ಕೆಲಸವೆಂದರೆ ಪ್ರನಾಳವನ್ನೂ ದೀಪವನ್ನೂ ಎತ್ತಿಡಿಸಿದ್ದು. ಪರೀಕ್ಷೆಯಿಂದ ಮನಸ್ಸಿಗೆ ಭಯ, ಭಯದಿಂದಲೇ ಸಕ್ಕರೆ ಏರುವುದು ಎಂದರಂತೆ. ಆಮೇಲೆ ಇನ್ಸುಲಿನ್ ಅರ್ಧ ಮಾಡಿಸಿದರು, ಮತ್ತೆ ಪೂರ್ತಿ ನಿಲ್ಲಿಸಿದರು. ಮಗು ವಾಂತಿ ಮಾಡಿಕೊಂಡಾಗ ದೇಹದ ವಿಷ ಹೊರಗೆ ಹೋಗುತ್ತಿದೆ, ಇದು ಗುಣವಾಗುವ ಲಕ್ಷಣ ಎಂದರು. ಹೊಟ್ಟೆನೋವು ಎಂದಾಗಲೂ ಅದೇ ಮಾತು. ಸುದ್ದಿ ತಿಳಿದು ನಾನೂ ನಿನ್ನ ದೊಡ್ಡಪ್ಪನೂ ಸಿಕ್ಕಿದ ಬಸ್ಸು ಹಿಡಿದು ಹೋಗುವಾಗ ಹುಡುಗಿ ಚಾಪೆಯ ಮೇಲೆ ಮಲಗಿದ್ದಳು. ತುಟಿ ಒಡೆದಿತ್ತು, ಓಡದೆಯೇ ಓಡಿ ಬಂದವಳ ಹಾಗೆ ಆಳವಾಗಿ, ಒಂದೇ ಸಮನೆ ಏದುಸಿರು ಬಿಡುತ್ತಿದ್ದಳು, ಬಗ್ಗಿ ಮುಖ ಒರೆಸುವಾಗ ಆ ಉಸಿರಿನಲ್ಲಿ ಅತಿಯಾಗಿ ಮಾಗಿದ ಹಣ್ಣಿನ ವಾಸನೆ ಹೊಡೆಯಿತು. ಪಕ್ಕದಲ್ಲಿ ಕುಳಿತಿದ್ದ ಶಿಬಿರದ ಹೆಂಗಸು ತನ್ನ ಪುಸ್ತಕದಲ್ಲಿ ‘ಪ್ರಗತಿ ಇದೆ’ ಎಂದು ಬರೆದುಕೊಂಡಿದ್ದಳು. ಜೀಪು ಗೊತ್ತುಮಾಡಿ ಆಸ್ಪತ್ರೆಗೆ ಸೇರಿಸಿದೆವು. ಇನ್ನೊಂದು ರಾತ್ರಿ ಕಳೆದಿದ್ದರೆ ಕೈಗೆ ಸಿಗುತ್ತಿರಲಿಲ್ಲ ಎಂದು ಅಲ್ಲಿಯ ಡಾಕ್ಟರು ಹೇಳಿದರು.

ಆ ವಾಂತಿ, ಆ ಉಸಿರು ಯಾವ ವಿಷ ಹೊರಹೋಗುವ ಲಕ್ಷಣವೂ ಅಲ್ಲ. ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿ ಎಷ್ಟೇ ಸಕ್ಕರೆ ಇದ್ದರೂ ಜೀವಕೋಶಗಳು ಅದನ್ನು ಬಳಸಲಾರವು. ದೇಹ ಕೊಬ್ಬನ್ನು ಕರಗಿಸಲು ತೊಡಗುತ್ತದೆ, ಅದರಿಂದ ಹುಟ್ಟುವ ಕೀಟೋನುಗಳು ರಕ್ತವನ್ನು ಆಮ್ಲೀಯಗೊಳಿಸುತ್ತವೆ. ಇದು ವಿಷ ಹೊರಹೋಗುವುದಲ್ಲ, ಒಳಗೇ ವಿಷ ತುಂಬಿಕೊಳ್ಳುವುದು. ಉಪವಾಸದ ಚಿಕಿತ್ಸೆಯೂ ಹೊಸದೇನಲ್ಲ. 1922ರ ಜನವರಿಯಲ್ಲಿ ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚುವ ತನಕ ದೊಡ್ಡ ದೊಡ್ಡ ಡಾಕ್ಟರುಗಳೂ ಇಂಥ ಮಕ್ಕಳನ್ನು ಅರೆಹೊಟ್ಟೆಯಲ್ಲಿ ಇಡುತ್ತಿದ್ದರು. ಸಾವು ಕೆಲವು ತಿಂಗಳು ಮುಂದೆ ಹೋಗುತ್ತಿತ್ತು, ಮಕ್ಕಳು ಎಲುಬಿನ ಗೂಡಾಗಿ ಕಣ್ಣು ಮುಚ್ಚುತ್ತಿದ್ದರು.

ನಿನ್ನ ಮಾವನವರ ಸಕ್ಕರೆ ಪಥ್ಯದಿಂದ, ನಡಿಗೆಯಿಂದ ಇಳಿದದ್ದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರದ್ದು ಟೈಪ್ 2. ಪುಟ್ಟನದು ಟೈಪ್ 1. ಅವನ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಲ್ಲಿ ಹೆಚ್ಚಿನವನ್ನು ಅವನ ದೇಹದ ರೋಗನಿರೋಧಕ ವ್ಯವಸ್ಥೆಯೇ ನಾಶ ಮಾಡಿದೆ. ಚಿಕಿತ್ಸೆ ಆರಂಭವಾದ ಮೇಲೆ, ಉಳಿದಿರುವ ಸ್ವಲ್ಪ ಕೋಶಗಳು ಸುಧಾರಿಸಿಕೊಂಡು ಕೆಲವು ವಾರ, ಕೆಲವು ತಿಂಗಳು ಮತ್ತೆ ಕೆಲಸ ಮಾಡುತ್ತವೆ, ಆಗ ಹೊರಗಿನ ಇನ್ಸುಲಿನ್ ಕಡಿಮೆ ಸಾಕಾಗುತ್ತದೆ. ಡಾಕ್ಟರುಗಳು ಇದನ್ನು ಹನಿಮೂನ್ ಹಂತ ಎನ್ನುತ್ತಾರೆ. ಅದು ಮುಗಿದೇ ಮುಗಿಯುತ್ತದೆ. ಈ ಹಂತದಲ್ಲಿರುವಾಗ ಶಿಬಿರ ಸೇರಿದ ಮಕ್ಕಳ ಇನ್ಸುಲಿನ್ ಪ್ರಮಾಣ ಇಳಿದದ್ದನ್ನೇ ಇಂಥವರು ತಮ್ಮ ಕಷಾಯದ ಮಹಿಮೆ ಎಂದು ಅಚ್ಚು ಹಾಕಿಸುತ್ತಾರೆ. ಪುಟ್ಟನಿಗೆ ಶಿಬಿರದ ಮೆಟ್ಟಿಲು ಹತ್ತುವ ಮೊದಲೇ ಇಳಿದಿದೆಯಲ್ಲ, ಅದನ್ನು ಅತ್ತೆಗೆ ತೋರಿಸಿ ಹೇಳು. ಮಧುಮೇಹ ಗುಣಪಡಿಸುವ ಔಷಧವೆಂದು ಜಾಹೀರಾತು ಮಾಡುವುದನ್ನು 1954ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ ಎಂಬುದನ್ನೂ ಹೇಳು. ಮತ್ತೊಮ್ಮೆ ಹೇಳುತ್ತೇನೆ, ಒಂದು ಹೊತ್ತಿನ ಇನ್ಸುಲಿನ್ನನ್ನೂ ತಪ್ಪಿಸಬೇಡ.

ನನಗೆ ಇಂದಿಗೂ ಆರದ ಸಂಕಟವೆಂದರೆ ಆಮೇಲೆ ನಮ್ಮ ಮನೆಯವರು ನಡೆದುಕೊಂಡ ರೀತಿ. ತಾಯಿ ಕದ್ದು ಸಿಹಿ ತಿನ್ನಿಸಿದ್ದರಿಂದ ಹೀಗಾಯಿತು ಎಂದು ಶಿಬಿರದವರು ಹೇಳಿ ಕಳಿಸಿದರು, ನಮ್ಮ ಹಿರಿಯರು ಅದನ್ನೇ ನಂಬಿದರು. ಸತ್ಯನಾರಾಯಣ ಪೂಜೆಯ ದಿನ ಎಲ್ಲರೆದುರು ಆ ಹೆಣ್ಣುಮಗಳನ್ನು ವಿಚಾರಿಸಿದರು. ಮಗುವಿನ ತಲೆದಿಂಬಿನ ಬಳಿ ರಾತ್ರಿಯಿಡೀ ಎಚ್ಚರವಿದ್ದವಳು ಅವಳು. ಶಿಬಿರಕ್ಕೆ ಹಣ ಕಟ್ಟಿ, ಹೋಗಿ ಎಂದು ಒತ್ತಾಯ ಮಾಡಿದವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಮರುವರ್ಷದ ಕರಪತ್ರದಲ್ಲಿ ಹುಡುಗಿಯ ಫೋಟೋ ‘ಇನ್ಸುಲಿನ್ ಮುಕ್ತ’ ಎಂಬ ಶೀರ್ಷಿಕೆಯಡಿ ಬಂತು. ತೆಗೆಯಿರಿ ಎಂದು ರಿಜಿಸ್ಟರ್ ಪತ್ರ ಬರೆದೆ, ಉತ್ತರ ಬರಲಿಲ್ಲ. ಆ ಕರಪತ್ರವನ್ನು ಒಂದು ಮದುವೆ ಮನೆಯಲ್ಲಿ ನನ್ನ ಕೈಗೇ ಕೊಟ್ಟು ಓದಿ ನೋಡಿ ಎಂದವರು ನಮ್ಮವರೇ. ಆ ತಾಯಿಯ ಕ್ಷಮೆಯನ್ನು ಈ ಮನೆತನದಲ್ಲಿ ಇವತ್ತಿನವರೆಗೆ ಯಾರೂ ಕೇಳಿಲ್ಲ. ನಾಳೆ ನಿನ್ನ ಮೇಲೂ ಇದೇ ದೂರು ಬರಬಹುದು, ಅದಕ್ಕೇ ಗುಂಪಿನಲ್ಲಿ ಎಲ್ಲರೂ ಕೇಳುವಂತೆ ಹೇಳುತ್ತಿದ್ದೇನೆ.

ಇಷ್ಟೆಲ್ಲ ಹೇಳಿ, ಈಗ ನೀನು ಮಾಡಬೇಕಾದದ್ದನ್ನೇ ಹೇಳಲಿಲ್ಲ ನೋಡು. ಇನ್ಸುಲಿನ್ ಮುಂದುವರಿಸಿಕೊಂಡೇ ಶಿಬಿರಕ್ಕೆ ಹೋಗಿ ಬರೋಣ ಎಂಬ ರಾಜಿಗೆ ಒಪ್ಪಬೇಡ; ಉಪವಾಸದಲ್ಲಿ ಎಂದಿನ ಇನ್ಸುಲಿನ್ ಕೊಟ್ಟರೆ ಸಕ್ಕರೆ ಕುಸಿದು ಮಗು ಪ್ರಜ್ಞೆ ತಪ್ಪಬಹುದು. ಪುಟ್ಟನ ಡಾಕ್ಟರ ಬಳಿಗೆ ಈ ವಾರವೇ ಅತ್ತೆಯನ್ನೂ ಕರೆದುಕೊಂಡು ಹೋಗಿ ಹನಿಮೂನ್ ಹಂತದ ವಿಷಯವನ್ನು ಅವರ ಬಾಯಿಂದಲೇ ಹೇಳಿಸು. ಇನ್ನೊಬ್ಬರ ಅಭಿಪ್ರಾಯ ಬೇಕೆಂದರೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೆ ಹೋಗಿ ಬನ್ನಿ. ಮೂತ್ರದಲ್ಲಿ ಕೀಟೋನ್ ನೋಡುವ ಪಟ್ಟಿಗಳು ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತವೆ, ಒಂದು ಡಬ್ಬಿ ತಂದಿಟ್ಟುಕೋ. ಸಕ್ಕರೆ 250 ದಾಟಿ ಇಳಿಯದಿದ್ದರೆ, ಜ್ವರ ಅಥವಾ ವಾಂತಿ ಇದ್ದರೆ ತಕ್ಷಣ ಪರೀಕ್ಷಿಸು. ಕೀಟೋನ್ ಕಂಡು ವಾಂತಿಯೂ ಇದ್ದರೆ ಯಾರನ್ನೂ ಕೇಳದೆ ಆಸ್ಪತ್ರೆಗೆ ಹೊರಡು. ಊಟ ಸೇರದ ದಿನ ಎಷ್ಟು ಇನ್ಸುಲಿನ್ ಕೊಡಬೇಕೆಂದು ಡಾಕ್ಟರಿಂದ ಮೊದಲೇ ಬರೆಸಿಕೊಂಡು ಅಡುಗೆಮನೆಯ ಗೋಡೆಗೆ ಅಂಟಿಸು.

ಸಾಗರದ ಹುಡುಗಿ ಈಗ ಧಾರವಾಡದಲ್ಲಿ ಕೆಲಸದಲ್ಲಿದ್ದಾಳೆ, ಇವತ್ತಿಗೂ ಇನ್ಸುಲಿನ್ ತೆಗೆದುಕೊಳ್ಳುತ್ತಾಳೆ. ನಿನ್ನ ಅತ್ತೆಯೊಂದಿಗೆ ಮಾತನಾಡಲು ಒಪ್ಪಿದ್ದಾಳೆ. ಭಾನುವಾರ ಎಷ್ಟು ಗಂಟೆಗೆ ಫೋನ್ ಮಾಡಿದರೆ ಅವರಿಗೆ ಅನುಕೂಲ ಎಂದು ಕೇಳಿ ನನಗೆ ತಿಳಿಸು.