ಡ್ಯಾಶ್‌ಕ್ಯಾಮ್ ಓಡುತ್ತಾ ಓಡುತ್ತಾ ರೀಸ್ಟಾರ್ಟ್ ಆಗುತ್ತಿದೆ, ಕಾರ್ಡ್ ಬದಲಿಸಿದರೂ ಅದೇ ಗೋಳು

ಹಿಂಬದಿಗಾಜು:
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಕಾರು ಓಡುತ್ತಿರುವಾಗಲೇ ನನ್ನ ಡ್ಯಾಶ್‌ಕ್ಯಾಮ್ (ಕಾರಿನ ಗಾಜಿನ ಹಿಂದೆ ಕೂತು ದಾರಿಯ ವಿಡಿಯೋ ತೆಗೆಯುವ ಕ್ಯಾಮೆರಾ) ತಾನಾಗಿ ಆಫ್ ಆಗುತ್ತದೆ. ಸ್ವಲ್ಪ ಹೊತ್ತಿಗೆ ಲೋಗೋ ತೋರಿಸಿ ಮತ್ತೆ ಆನ್ ಆಗುತ್ತದೆ. ಒಮ್ಮೊಮ್ಮೆ ‘ಕಾರ್ಡ್ ಎರರ್, ಫಾರ್ಮ್ಯಾಟ್ ಮಾಡಿ’ ಅಂತ ಬರುತ್ತದೆ. ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ನೋಡಿದರೆ ನಡುನಡುವೆ ಫೈಲುಗಳೇ ಇಲ್ಲ. ಇರುವುದರಲ್ಲೂ ಕೆಲವು ಸೊನ್ನೆ ಬೈಟ್, ಕೆಲವು ತೆರೆಯುವುದೇ ಇಲ್ಲ.

ಮೊನ್ನೆ ಯಾರೋ ಬೈಕಿನವರು ಪಕ್ಕದ ಕನ್ನಡಿಗೆ ಗುದ್ದಿ ಹೋದರು. ಸರಿಯಾಗಿ ಆ ಗಳಿಗೆಯ ವಿಡಿಯೋ ಇಲ್ಲ! ಬೇಕಾದಾಗ ಸಿಗದಿದ್ದರೆ ಇದನ್ನು ಹಾಕಿಸಿ ಏನು ಬಂತು?

ಕಾರ್ಡ್ ಬದಲಿಸಿದೆ. ಫ್ಯಾಕ್ಟರಿ ರೀಸೆಟ್ ಮಾಡಿದೆ. ಏನೂ ಪ್ರಯೋಜನ ಆಗಲಿಲ್ಲ. ಕ್ಯಾಮೆರಾನೇ ಕೆಟ್ಟಿದೆಯಾ? ವಾಪಸ್ ಕೊಡಲಾ? ಬೇಗ ಹೇಳಿ, ವಾಪಸ್ ಕೊಡುವ ಅವಧಿ ಮುಗಿಯುತ್ತಾ ಬಂತು.

ಬಿಟ್‌ಬುಟ್ಟಿ:
ನೂರಕ್ಕೆ ನೂರು ಕಾರ್ಡ್. ಬೇರೆ ಏನೂ ನೋಡಬೇಡಿ. ಫೋನಿಗೆ ಹಾಕುವ ಮಾಮೂಲಿ ಕಾರ್ಡನ್ನೇ ತಂದು ಹಾಕಿರುತ್ತೀರಿ, ಅಲ್ವಾ? ಫೋನ್ ಆಗಾಗ ಒಂದು ಫೋಟೋ ಬರೆದು ಸುಮ್ಮನಿರುತ್ತದೆ. ಡ್ಯಾಶ್‌ಕ್ಯಾಮ್ ಹಾಗಲ್ಲ, ಬಿಡದೆ ಬರೆಯುತ್ತದೆ, ಅಳಿಸುತ್ತದೆ, ಮತ್ತೆ ಬರೆಯುತ್ತದೆ. 4ಕೆ ವಿಡಿಯೋ ಸೆಕೆಂಡಿಗೆ 30 ಮೆಗಾಬಿಟ್ ಅಂತ ಹಿಡಿದರೂ ಗಂಟೆಗೆ 13.5 ಜಿಬಿ ಆಯಿತು. 64 ಜಿಬಿ ಕಾರ್ಡ್ ಐದು ಗಂಟೆಯೊಳಗೆ ತುಂಬಿ, ಮೊದಲಿನಿಂದ ಮೇಲೆ ಬರೆಯಲು ಶುರು. ಮಾಮೂಲಿ ಕಾರ್ಡ್ ಇದನ್ನು ಎಷ್ಟು ದಿನ ತಡೆದೀತು? ‘ಹೈ ಎಂಡ್ಯೂರೆನ್ಸ್’ ಅಂತ ಬರೆದಿರುವ ಕಾರ್ಡ್ ತಗೊಳ್ಳಿ, ಮುಗಿಯಿತು.

ಹಳೇಫರ್ಮ್‌ವೇರ್:
ಯಾವ ಮಾಡೆಲ್, ಯಾವ ವರ್ಷನ್ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್), ಯಾವ ರೆಸಲ್ಯೂಷನ್, ಏನೂ ಬರೆದಿಲ್ಲವಲ್ಲ ಸರ್. ಗಾಜಿನ ಹಿಂದೆ ಬಿಸಿಲಿಗೆ ಇರುವ ಕ್ಯಾಮೆರಾ ಕಾದು ಆಫ್ ಆಗುವುದೂ ಉಂಟು. ಮಧ್ಯಾಹ್ನ ಜಾಸ್ತಿ ಆಗುತ್ತದಾ ನೋಡಿ.

ಹಿಂಬದಿಗಾಜು:
ಫರ್ಮ್‌ವೇರ್ ಈಚಿನದ್ದೇ. ಕ್ಯಾಮೆರಾ ಎರಡಿವೆ, ಕಾರಿನ ಮುಂದಿನದ್ದು 4ಕೆ, ಹಿಂದಿನ ಗಾಜಿನದ್ದು 1080. ಬಿಸಿಲಿಗೂ ಇದಕ್ಕೂ ಸಂಬಂಧ ಇಲ್ಲ, ರಾತ್ರಿ ತಣ್ಣಗಿರುವಾಗಲೂ ಆಗುತ್ತದೆ. ಕಾರ್ಡ್ ಒಳ್ಳೆಯ ಕಂಪನಿಯದ್ದು, 128 ಜಿಬಿ, ಯು3 (ಬರೆಯುವ ವೇಗದ ದರ್ಜೆ), ಹೈ ಎಂಡ್ಯೂರೆನ್ಸ್ ಅಂತಲೇ ಬರೆದಿದೆ. ಬದಲಿಸಿದೆ ಅಂತ ಮೊದಲೇ ಹೇಳಿದೆನಲ್ಲ?

ಬಿಟ್‌ಬುಟ್ಟಿ:
ಹೆಸರು ಬರೆದಿದ್ದರೆ ಅಸಲಿ ಅಂತ ಅರ್ಥ ಅಲ್ಲ. 32 ಜಿಬಿ ಚಿಪ್ ಒಳಗಿಟ್ಟು 128 ಅಂತ ತೋರಿಸುವ ನಕಲಿ ಕಾರ್ಡುಗಳು ಎಷ್ಟೋ ಇವೆ. 32 ತುಂಬುವವರೆಗೆ ಚೆನ್ನಾಗಿರುತ್ತವೆ, ಆಮೇಲೆ ಬರೆದದ್ದೆಲ್ಲ ಗಾಳಿಗೆ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3. ಇಡೀ ಕಾರ್ಡನ್ನು ತುಂಬಿಸಿ ಓದಿ ನೋಡುತ್ತವೆ. ಓಡಿಸಿ ರಿಸಲ್ಟ್ ಹಾಕಿ.

ಮತ್ತೆ ಫ್ಯಾಟ್32ಗೆ (ಕಾರ್ಡಿನಲ್ಲಿ ಫೈಲ್ ಜೋಡಿಸಿಡುವ ಹಳೆಯ ಪದ್ಧತಿ) ಫಾರ್ಮ್ಯಾಟ್ ಮಾಡಿ. 32 ಜಿಬಿಗಿಂತ ದೊಡ್ಡ ಕಾರ್ಡ್ ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತದೆ, ಕೆಲವು ಕ್ಯಾಮೆರಾಗಳಿಗೆ ಅದು ಹಿಡಿಸುವುದಿಲ್ಲ.

ರಾತ್ರಿಸವಾರ:
ಫ್ಯಾಟ್32 ಹಾಕಿದರೆ 4 ಜಿಬಿಗಿಂತ ದೊಡ್ಡ ಫೈಲ್ ಉಳಿಸಲು ಆಗುವುದಿಲ್ಲ. 4ಕೆ ಕ್ಯಾಮೆರಾಗೆ ಅದನ್ನು ಹೇಳುತ್ತೀರಲ್ಲ?

ಬಿಟ್‌ಬುಟ್ಟಿ:
ಡ್ಯಾಶ್‌ಕ್ಯಾಮ್ ಯಾವ ಕಾಲದಲ್ಲಿ 4 ಜಿಬಿ ಫೈಲ್ ಬರೆಯುತ್ತದೆ ಸ್ವಾಮಿ? ಲೂಪ್ (ವಿಡಿಯೋವನ್ನು ತುಂಡು ತುಂಡಾಗಿ ಬರೆದು, ಕಾರ್ಡ್ ತುಂಬಿದರೆ ಹಳೆಯದರ ಮೇಲೆ ಬರೆಯುವುದು) ಮೂರು ನಿಮಿಷ ಇಟ್ಟರೆ ಒಂದು ಫೈಲ್ 700 ಎಂಬಿಯೊಳಗೇ ಮುಗಿಯುತ್ತದೆ.

ರಾತ್ರಿಸವಾರ:
ಎಲ್ಲರೂ ಮೂರು ನಿಮಿಷವೇ ಇಡುತ್ತಾರಾ? ಲೂಪ್ ಆಫ್ ಮಾಡಿ ಓಡಿಸುವವರು ಇದ್ದಾರೆ.

ಬಿಟ್‌ಬುಟ್ಟಿ:
ಲೂಪ್ ಆಫ್ ಮಾಡಿದರೆ ಕಾರ್ಡ್ ತುಂಬಿ ನಿಲ್ಲುತ್ತದೆ. ಹಾಗೆ ಓಡಿಸುವವರಿಗೆ ಡ್ಯಾಶ್‌ಕ್ಯಾಮ್ ಯಾಕೆ?

ಹಳೇಫರ್ಮ್‌ವೇರ್:
ಇಬ್ಬರೂ ಸ್ವಲ್ಪ ನಿಲ್ಲಿಸಿ. ಕ್ಯಾಮೆರಾದ ಮೆನುವಿನಿಂದಲೇ ಫಾರ್ಮ್ಯಾಟ್ ಮಾಡಿದರೆ ಅದಕ್ಕೆ ಬೇಕಾದ ರೀತಿಯಲ್ಲಿ ಅದೇ ಮಾಡಿಕೊಳ್ಳುತ್ತದೆ. ಈ ಚರ್ಚೆಯೇ ಬೇಡ.

ಹಿಂಬದಿಗಾಜು:
ಎಚ್2ಟೆಸ್ಟ್‌ಡಬ್ಲ್ಯೂ ರಾತ್ರಿಯೆಲ್ಲ ಓಡಿಸಿದೆ. ಒಂದೇ ಒಂದು ಎರರ್ ಇಲ್ಲ, ಕಾರ್ಡ್ ಅಸಲಿ. ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ ಬೆಳಿಗ್ಗೆ ಹೊರಟೆ, ಅರ್ಧ ದಾರಿಗೆ ಮತ್ತೆ ಲೋಗೋ. ನನಗೆ ಸಾಕಾಗಿದೆ.

ಅಂದ ಹಾಗೆ, ಹಿಂದಿನ ಕ್ಯಾಮೆರಾದ ವೈರ್ ಕಿತ್ತರೆ ಇಡೀ ದಿನ ಏನೂ ಆಗುವುದಿಲ್ಲ. ಆದರೆ ನನಗೆ ಹಿಂದಿನದ್ದೂ ಬೇಕು, ಅದಕ್ಕೇ ಅಲ್ವಾ ಎರಡಿರುವುದನ್ನು ತಗೊಂಡಿದ್ದು.

ಬಿಟ್‌ಬುಟ್ಟಿ:
ನೋಡಿ, ನಾನು ಹೇಳಿದ್ದೇ ಆಯಿತು. ಎರಡು ಕ್ಯಾಮೆರಾದ ವಿಡಿಯೋ ಒಟ್ಟಿಗೆ ಬಂದಾಗ ಕಾರ್ಡಿಗೆ ಬರೆಯುವ ವೇಗ ಸಾಲುತ್ತಿಲ್ಲ. ವಿ60 ಕಾರ್ಡ್ (ಸೆಕೆಂಡಿಗೆ ಕಡಿಮೆ ಅಂದರೆ 60 ಎಂಬಿ ಬರೆಯುವಂಥದ್ದು) ಹಾಕಿ.

ಮಲ್ಟಿಮೀಟರಮ್ಮ:
ಇಷ್ಟು ಮುಖ್ಯವಾದ ವಿಷಯ ಇಷ್ಟು ತಡವಾಗಿ ಬಂತಲ್ಲ! ಹಿಂದಿನದ್ದು ತೆಗೆದರೆ ಸರಿ ಇರುತ್ತದೆ ಅನ್ನುವುದೇ ಇಲ್ಲಿನ ದೊಡ್ಡ ಸುಳಿವು.

ಬಿಟ್‌ಬುಟ್ಟಿಯವರೇ, ವೇಗದ ಲೆಕ್ಕ ಹಾಕೋಣ. ಮುಂದಿನದ್ದು 30, ಹಿಂದಿನದ್ದು 16 ಮೆಗಾಬಿಟ್ ಅಂತ ಇಟ್ಟುಕೊಳ್ಳಿ. ಒಟ್ಟು 46. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 5.75 ಎಂಬಿ. ಹಳೆಯ ಕ್ಲಾಸ್ 10 ಕಾರ್ಡ್ ಕೂಡ ಕಡಿಮೆ ಅಂದರೆ 10 ಎಂಬಿ ಬರೆಯಲೇಬೇಕು. ಇವರ ಯು3 ಕಾರ್ಡಿಗೆ 30. ವೇಗ ಬೇಕಾದ್ದಕ್ಕಿಂತ ಐದು ಪಟ್ಟು ಇದೆ. ಅದೂ ಅಲ್ಲದೆ, ಕಾರ್ಡ್ ನಿಧಾನ ಆದರೆ ‘ಸ್ಲೋ ಕಾರ್ಡ್’ ಅಂತ ಬಂದು ರೆಕಾರ್ಡಿಂಗ್ ನಿಲ್ಲುವುದೇ ಹೆಚ್ಚು. ಕ್ಯಾಮೆರಾ ಪೂರ್ತಿ ಸತ್ತು, ಲೋಗೋದಿಂದ ಮತ್ತೆ ಶುರು ಆಗುತ್ತಿದೆ ಅಂದರೆ ನಾನು ಮೊದಲು ಪವರ್ ನೋಡುತ್ತೇನೆ.

ಹಿಂಬದಿಗಾಜು ಸರ್, ಕ್ಯಾಮೆರಾಗೆ ಪವರ್ ಎಲ್ಲಿಂದ ಕೊಟ್ಟಿದ್ದೀರಿ?

ಹಿಂಬದಿಗಾಜು:
ಸ್ಟೀರಿಯೋ ಕೆಳಗಿನ ಯುಎಸ್‌ಬಿ ಪೋರ್ಟಿನಿಂದ. ಜೊತೆಗೆ ಬಂದ ಚಾರ್ಜರ್ ಬಾಕ್ಸಿನಲ್ಲೇ ಇದೆ, 12 ವೋಲ್ಟ್ ಸಾಕೆಟ್ಟಿನಲ್ಲಿ ಫೋನ್ ಚಾರ್ಜರ್ ಇರುತ್ತದೆ. ವೈರ್ ಮೇಲಿನ ಲೈನಿಂಗ್ ಒಳಗಿಂದ ಎಳೆಯಲು ಉದ್ದ ಬೇಕಿತ್ತು, ಅದಕ್ಕೆ ಬೇರೆ ಕೇಬಲ್ ಹಾಕಿದೆ. ಆದರೆ ಮೇಡಂ, ಪವರ್ ಬರುತ್ತಿದೆಯಲ್ಲ? ಬರದಿದ್ದರೆ ಆನ್ ಹೇಗೆ ಆಗುತ್ತದೆ?

ರಾತ್ರಿಸವಾರ:
ಯುಎಸ್‌ಬಿ ಪೋರ್ಟಿನಿಂದ ಡ್ಯಾಶ್‌ಕ್ಯಾಮ್ ಓಡಿಸುವುದನ್ನು ನಾನು ಎಂದೋ ಬಿಟ್ಟೆ. ನನ್ನದು ಫ್ಯೂಸ್ ಬಾಕ್ಸಿನಿಂದ ಹಾರ್ಡ್‌ವೈರ್. ಹಳದಿ ವೈರ್ ಸದಾ ಪವರ್ ಇರುವ ಫ್ಯೂಸಿಗೆ, ಕೆಂಪು ಎಸಿಸಿಗೆ (ಕೀ ತಿರುಗಿಸಿದಾಗ ಮಾತ್ರ ಪವರ್ ಬರುವ ಫ್ಯೂಸ್), ಕಪ್ಪು ಗಾಡಿಯ ಲೋಹದ ಮೈಗೆ. ಮೂರು ಚಾನೆಲ್, ಒಳಗಿನ ಕ್ಯಾಮೆರಾಗೆ ಇನ್ಫ್ರಾರೆಡ್, ಸೀಟಿನ ಕೆಳಗೆ ಬೇರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಗಾಡಿ ನಿಲ್ಲಿಸಿ ಹೋದರೂ ಪಾರ್ಕಿಂಗ್ ಮೋಡ್ ಓಡುತ್ತಲೇ ಇರುತ್ತದೆ, ಕಾರಿನ ಬ್ಯಾಟರಿ ಮುಟ್ಟುವುದೇ ಇಲ್ಲ. ವೈರ್ ಒಂದೂ ಕಾಣುವುದಿಲ್ಲ. ಬೇಕಿದ್ದರೆ ಫೋಟೋ ಹಾಕುತ್ತೇನೆ.

ಮಲ್ಟಿಮೀಟರಮ್ಮ:
ಫೋಟೋ ಆಮೇಲೆ ಹಾಕಿ ಅಣ್ಣ, ಮೊದಲು ಇವರದ್ದು ಮುಗಿಸೋಣ.

ಆನ್ ಆಗುವುದಕ್ಕೂ, ಭಾರ ಬಿದ್ದಾಗ ನಿಲ್ಲುವುದಕ್ಕೂ ವ್ಯತ್ಯಾಸ ಇದೆ. ಸ್ಟೀರಿಯೋ ಯುಎಸ್‌ಬಿ ಇರುವುದು ಹೆಚ್ಚಾಗಿ ಪೆನ್‌ಡ್ರೈವ್‌ನಿಂದ ಹಾಡು ಓದಲು, ಫೋನ್ ಜೋಡಿಸಲು. ಯುಎಸ್‌ಬಿ 2 ನಿಯಮದಲ್ಲಿ ಅಂಥ ಪೋರ್ಟ್ ಕೊಡಬೇಕಾದ್ದು 500 ಮಿಲಿಆ್ಯಂಪ್ ಮಾತ್ರ. ಬಾಕ್ಸಿನಲ್ಲಿರುವ ಚಾರ್ಜರ್ ಮೇಲೆ ಏನು ಬರೆದಿದೆ ಓದಿ. 5 ವೋಲ್ಟ್, 2 ಆ್ಯಂಪ್ ಅಥವಾ ಅದಕ್ಕಿಂತ ಜಾಸ್ತಿ ಇರುತ್ತದೆ. ಹಿಂದಿನ ಕ್ಯಾಮೆರಾಗೆ ಪ್ರತ್ಯೇಕ ಪವರ್ ಇಲ್ಲ, ಅದೂ ಮುಂದಿನದರ ಮೂಲಕವೇ ಎಳೆಯುತ್ತದೆ.

ಇನ್ನು ಕೇಬಲ್. ಅಗ್ಗದ ಉದ್ದನೆಯ ಕೇಬಲ್ ಒಳಗೆ ಕೂದಲಿನಂಥ 28 ಗೇಜ್ ತಂತಿ ಇರುತ್ತದೆ. ಅದರ ರೆಸಿಸ್ಟೆನ್ಸ್ ಮೀಟರಿಗೆ ಸುಮಾರು 0.21 ಓಮ್. ನಿಮ್ಮ ಕೇಬಲ್ ಮೂರೂವರೆ ಮೀಟರ್ ಅಂದರೆ ಕರೆಂಟ್ ಹೋಗಿ ಬರುವ ದಾರಿ ಏಳು ಮೀಟರ್, ಅಂದರೆ ಒಂದೂವರೆ ಓಮ್. ಒಂದು ಆ್ಯಂಪ್ ಎಳೆದರೆ ಒಂದೂವರೆ ವೋಲ್ಟ್ ತಂತಿಯಲ್ಲೇ ಕರಗಿತು. 5 ಹೊರಟದ್ದು ಕ್ಯಾಮೆರಾ ಮುಟ್ಟುವಾಗ 3.5! ಅದೇ ದಪ್ಪನೆಯ 20 ಗೇಜ್ ತಂತಿ ಆಗಿದ್ದರೆ ಕಾಲು ವೋಲ್ಟ್ ಕೂಡ ಹೋಗುತ್ತಿರಲಿಲ್ಲ.

ಕಾರ್ಡ್ ಎರರ್ ಬರುವುದೂ ಇದರಿಂದಲೇ ಇರಬಹುದು. ಎಂಪಿ4 ವಿಡಿಯೋ ಫೈಲಿಗೆ ಅದರ ಪಟ್ಟಿ (ಒಳಗೆ ಯಾವುದು ಎಲ್ಲಿದೆ ಅಂತ ತಿಳಿಸುವ ಭಾಗ) ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲಾಗುತ್ತದೆ. ಅದಕ್ಕೆ ಮುಂಚೆ ಪವರ್ ಹೋದರೆ ಒಳಗೆ ವಿಡಿಯೋ ಇದ್ದರೂ ಪ್ಲೇಯರ್ ತೆರೆಯುವುದಿಲ್ಲ. ಕ್ಯಾಮೆರಾ ಒಳಗಿನ ಕೆಪಾಸಿಟರ್ (ಸ್ವಲ್ಪ ಪವರ್ ಹಿಡಿದಿಡುವ ಭಾಗ) ಆ ಕೊನೆಯ ಕ್ಷಣ ದಾಟಿಸಲು ಇರುವುದು ನಿಜ. ಆದರೆ ವೋಲ್ಟೇಜ್ ಹೀಗೆ ಕುಸಿಯುತ್ತಾ ಇದ್ದರೆ ಅದು ತುಂಬುವುದೇ ಇಲ್ಲ. ನಿಮ್ಮ ಸೊನ್ನೆ ಬೈಟ್ ಫೈಲುಗಳು ಹೀಗೇ ಹುಟ್ಟಿದ್ದು ಅಂತ ನನ್ನ ಅಂದಾಜು.

ಸುಮ್ನೆ ನನ್ನ ಮಾತು ನಂಬಬೇಡಿ, ಅಳೆಯಿರಿ. ವೋಲ್ಟೇಜ್ ತೋರಿಸುವ ಸಣ್ಣ ಯುಎಸ್‌ಬಿ ಮೀಟರ್ ಸಿಗುತ್ತದೆ. ಅದನ್ನು ಪೋರ್ಟ್ ಹತ್ತಿರ ಹಾಕಬೇಡಿ, ಕೇಬಲ್ಲಿನ ಕ್ಯಾಮೆರಾ ತುದಿಗೆ ಹಾಕಿ. ಎರಡೂ ಕ್ಯಾಮೆರಾ ರೆಕಾರ್ಡ್ ಮಾಡುತ್ತಿರುವಾಗ ನೋಡಬೇಕು.

ಬಿಟ್‌ಬುಟ್ಟಿ:
ಲೆಕ್ಕ ಸರಿ ಇದೆ. ಆದರೂ ನಾನು ನೋಡಿದ ಕೇಸುಗಳಲ್ಲಿ ಹೆಚ್ಚಿನವು ಕಾರ್ಡೇ. ಮೀಟರ್ ತರುವ ಬದಲು ಸ್ನೇಹಿತರದ್ದೊಂದು ಕಾರ್ಡ್ ಹಾಕಿ ನೋಡುವುದು ಸುಲಭ ಅಂತ ಈಗಲೂ ಹೇಳುತ್ತೇನೆ.

ಹಳೇಫರ್ಮ್‌ವೇರ್:
ಕಾರ್ಡ್ ಈಗಾಗಲೇ ಬದಲಿಸಿ, ಟೆಸ್ಟ್ ಕೂಡ ಮಾಡಿದ್ದಾರೆ. ಇನ್ನೆಷ್ಟು ಕಾರ್ಡ್?

ರಾತ್ರಿಸವಾರರೇ, ಬೇರೆ ಬ್ಯಾಟರಿ ಇಲ್ಲದವರು ನಿಮ್ಮದನ್ನು ಓದಿ ಹಾರ್ಡ್‌ವೈರ್ ಮಾಡಿಯಾರು. ಹಾರ್ಡ್‌ವೈರ್ ಕಿಟ್‌ನಲ್ಲಿ ಕಟ್‌ಆಫ್ (ಕಾರಿನ ಬ್ಯಾಟರಿ ಎಷ್ಟು ವೋಲ್ಟಿಗೆ ಇಳಿದಾಗ ಕ್ಯಾಮೆರಾಗೆ ಪವರ್ ನಿಲ್ಲಿಸಬೇಕು ಅನ್ನುವುದು) ಎಷ್ಟಕ್ಕೆ ಇಡಬೇಕು ಅಂತಲೂ ಬರೆಯಿರಿ. 12.2ಕ್ಕಿಂತ ಕೆಳಗೆ ಇಡಬಾರದು.

ರಾತ್ರಿಸವಾರ:
12.2 ಇಟ್ಟರೆ ಪಾರ್ಕಿಂಗ್ ಮೋಡ್ ಬೇಗ ನಿಂತು ಹೋಗುತ್ತದೆ. ಎಷ್ಟೋ ಜನ 11.8 ಇಡುತ್ತಾರೆ.

ಹಳೇಫರ್ಮ್‌ವೇರ್:
ಲೆಡ್ ಆ್ಯಸಿಡ್ ಬ್ಯಾಟರಿ ಪೂರ್ತಿ ತುಂಬಿ ಸುಮ್ಮನಿದ್ದಾಗ 12.6 ತೋರಿಸುತ್ತದೆ. 12.2 ಅಂದರೆ ಹೆಚ್ಚುಕಡಿಮೆ ಅರ್ಧ. 11.8 ಅಂದರೆ ಬಹುತೇಕ ಖಾಲಿ. ದಿನಾ ಅಲ್ಲಿಗೆ ಇಳಿಸಿದರೆ ಬ್ಯಾಟರಿ ಬೇಗ ಸಾಯುತ್ತದೆ, ಒಂದು ಬೆಳಿಗ್ಗೆ ಗಾಡಿಯೂ ಸ್ಟಾರ್ಟ್ ಆಗುವುದಿಲ್ಲ. ಇದರಲ್ಲಿ ಅಭಿಪ್ರಾಯದ ಮಾತೇ ಇಲ್ಲ.

ರಾತ್ರಿಸವಾರ:
ದಿನಾ ಗಾಡಿ ಓಡಿಸುವವರಿಗೆ ಮತ್ತೆ ಚಾರ್ಜ್ ಆಗುತ್ತದಲ್ಲ. ಇದಕ್ಕೆ ಬೇರೆ ಥ್ರೆಡ್ ಶುರು ಮಾಡುತ್ತೇನೆ, ಅಲ್ಲಿ ಬನ್ನಿ.

ಹಿಂಬದಿಗಾಜು:
ಮೇಡಂ, ಮೀಟರ್ ಹಾಕಿ ನೋಡಿದೆ. ಮುಂದಿನ ಕ್ಯಾಮೆರಾ ಒಂದೇ ಇದ್ದಾಗ 4.6. ಹಿಂದಿನದ್ದು ಜೋಡಿಸಿದ ಕೂಡಲೇ 4.3, ಆಮೇಲೆ 4.2ರ ಹತ್ತಿರ ಕುಣಿಯುತ್ತಾ ಇತ್ತು. ಜಿಪಿಎಸ್ ಲೈಟ್ ಬಂತು, ಸ್ಕ್ರೀನ್ ಕಪ್ಪಾಯಿತು, ಲೋಗೋ! ನನ್ನ ಕಣ್ಣೆದುರಿಗೇ ಆಯಿತು.

ಫೋನ್ ಚಾರ್ಜರ್ ತೆಗೆದು, ಬಾಕ್ಸಿನ ಚಾರ್ಜರನ್ನು ಅದರದೇ ಕೇಬಲ್ಲಿನ ಸಮೇತ ಸಾಕೆಟ್ಟಿಗೆ ಹಾಕಿದೆ. ಎರಡೂ ಕ್ಯಾಮೆರಾ ಓಡುವಾಗ 4.9, ಅಲ್ಲಾಡುವುದಿಲ್ಲ. ವಾರಾಂತ್ಯ ಪೂರ್ತಿ ಓಡಾಡಿದೆ, ಒಂದು ಸಲವೂ ರೀಸ್ಟಾರ್ಟ್ ಇಲ್ಲ. ಫೈಲುಗಳೆಲ್ಲ ಒಂದರ ಹಿಂದೆ ಒಂದು ಸರಿಯಾಗಿವೆ. ತುಂಬಾ ತುಂಬಾ ಧನ್ಯವಾದ.

ಈಗ ಇನ್ನೊಂದು ಶುರುವಾಗಿದೆ. ಎಫ್‌ಎಂ ರೇಡಿಯೋದಲ್ಲಿ ಸುಯ್ ಅಂತ ಸದ್ದು. ಯುಎಸ್‌ಬಿಯಲ್ಲಿ ಇದ್ದಾಗ ಹೀಗಿರಲಿಲ್ಲ.

ಬಿಟ್‌ಬುಟ್ಟಿ:
ಸರಿ ಹೋಯಿತಲ್ಲ, ಸಂತೋಷ. ಕಾರ್ಡನ್ನು ತಿಂಗಳಿಗೊಮ್ಮೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡುವುದು ಮರೆಯಬೇಡಿ.

ಮಲ್ಟಿಮೀಟರಮ್ಮ:
ರೇಡಿಯೋ ಸದ್ದು ಚಾರ್ಜರಿನದ್ದೇ ಇರಬೇಕು. 12 ವೋಲ್ಟನ್ನು 5ಕ್ಕೆ ಇಳಿಸಲು ಅದರೊಳಗಿನ ಸರ್ಕ್ಯೂಟ್ ಸೆಕೆಂಡಿಗೆ ಲಕ್ಷಾಂತರ ಸಲ ಆನ್ ಆಫ್ ಆಗುತ್ತಿರುತ್ತದೆ. ಅದರ ಗದ್ದಲ ಕೇಬಲ್ ಗುಂಟ ಹರಡಿ ಎಫ್‌ಎಂಗೆ ಸೇರುತ್ತದೆ. ಕ್ಯಾಮೆರಾ ತುದಿ ಕಿತ್ತು, ಚಾರ್ಜರ್ ಮಾತ್ರ ಸಾಕೆಟ್ಟಿನಲ್ಲಿ ಬಿಟ್ಟು ಕೇಳಿ. ಆಮೇಲೆ ಹಿಂದಿನ ಕ್ಯಾಮೆರಾ ಒಂದನ್ನೇ ಕಿತ್ತು ಕೇಳಿ. ಸದ್ದು ಯಾವಾಗ ಹೋಗುತ್ತದೆ ಬರೆಯಿರಿ. ಹಿಂದಿನ ಗಾಜಿನಲ್ಲೇ ಆ್ಯಂಟೆನಾ ಇರುವ ಕಾರುಗಳಿವೆ, ಹಿಂದಿನ ಕ್ಯಾಮೆರಾದ ವೈರ್ ಅದಕ್ಕೆ ಅಂಟಿಕೊಂಡು ಹೋಗಿದ್ದರೂ ಹೀಗಾಗುತ್ತದೆ. ಕೇಬಲ್ಲಿಗೆ ಎರಡೂ ತುದಿಯ ಹತ್ತಿರ ಫೆರೈಟ್ ಕ್ಲಿಪ್ (ಇಂಥ ಗದ್ದಲ ತಡೆಯಲು ಕೇಬಲ್ ಸುತ್ತ ಹಾಕುವ ಉಂಗುರ) ಹಾಕಿದರೆ ಬಹಳಷ್ಟು ಕಡಿಮೆ ಆಗುತ್ತದೆ.

ಹಿಂಬದಿಗಾಜು:
ಹಿಂದಿನ ವೈರ್ ಕಿತ್ತರೆ ಅರ್ಧ ಕಡಿಮೆ ಆಗುತ್ತದೆ, ಪೂರ್ತಿ ಹೋಗುವುದಿಲ್ಲ. ಆ್ಯಂಟೆನಾ ಹಿಂದಿನ ಗಾಜಿನಲ್ಲೇ ಇದೆ. ವೈರನ್ನು ಇನ್ನೊಂದು ಪಕ್ಕದಿಂದ ಎಳೆಯಲು ಮುಂದಿನ ಕಂಬದ ಪ್ಲಾಸ್ಟಿಕ್ ತೆಗೆಯಬೇಕು. ತೆಗೆಯಬಹುದಾ?

ಹಳೇಫರ್ಮ್‌ವೇರ್:
ಆ ಕಂಬದ ಮೇಲೆ ‘ಏರ್‌ಬ್ಯಾಗ್’ ಅಂತ ಬರೆದಿದೆಯಾ ಮೊದಲು ನೋಡಿ. ಬರೆದಿದ್ದರೆ ಒಳಗೆ ಪರದೆ ಏರ್‌ಬ್ಯಾಗ್ ಮಡಿಸಿ ಇಟ್ಟಿರುತ್ತಾರೆ. ವೈರ್ ಅದರ ಹಿಂದಿನಿಂದ ಹೋಗಬೇಕು, ಎದುರಿನಿಂದ ಅಲ್ಲ. ಎದುರಿಗೆ ಬಂದರೆ ಏರ್‌ಬ್ಯಾಗ್ ತೆರೆಯುವಾಗ ಅಡ್ಡ ಬರುತ್ತದೆ. ಅಭ್ಯಾಸ ಇಲ್ಲದಿದ್ದರೆ ಕಾರ್ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿ.

ಮೂರನೇಗೇರ್:
ನಮಸ್ಕಾರ, ನನ್ನದೂ ಇದೇ ತೊಂದರೆ. ಕ್ಯಾಮೆರಾ ಆಫ್ ಆಗಿ ಆನ್ ಆಗುತ್ತದೆ. ಕಾರ್ಡ್ ಬದಲಿಸಬೇಕಾ?

ಮಲ್ಟಿಮೀಟರಮ್ಮ:
ಪವರ್ ಎಲ್ಲಿಂದ, ಕೇಬಲ್ ಎಷ್ಟು ಉದ್ದ, ಕ್ಯಾಮೆರಾ ಎಷ್ಟು? ಗಾಡಿ ಸ್ಟಾರ್ಟ್ ಮಾಡುವಾಗ ಮಾತ್ರ ಆಗುತ್ತದಾ, ಓಡುವಾಗಲೂ ಆಗುತ್ತದಾ? ಸ್ಟಾರ್ಟ್ ಮಾಡುವಾಗ ಮಾತ್ರ ಆದರೆ ಅದು ಮಾಮೂಲಿ. ಸ್ಟಾರ್ಟರ್ ಎಳೆಯುವಾಗ ಎಷ್ಟೋ ಗಾಡಿಗಳಲ್ಲಿ ಎಸಿಸಿ ಪವರ್ ಒಂದು ಕ್ಷಣ ಕಟ್ ಆಗುತ್ತದೆ. ಓಡುವಾಗಲೂ ಆಗುತ್ತಿದ್ದರೆ ಕ್ಯಾಮೆರಾ ತುದಿಯ ವೋಲ್ಟೇಜ್ ಅಳೆದು ಇಲ್ಲಿ ಬರೆಯಿರಿ.

ರಾತ್ರಿಸವಾರ:
ಪಾರ್ಕಿಂಗ್ ಮೋಡ್ ಥ್ರೆಡ್ ಶುರು ಮಾಡಿದ್ದೇನೆ. ಸೀಟಿನ ಕೆಳಗಿನ ಬ್ಯಾಟರಿಯ ಫೋಟೋ, ಫ್ಯೂಸ್ ಬಾಕ್ಸಿನ ಫೋಟೋ ಎರಡೂ ಅಲ್ಲಿವೆ. ಏರ್‌ಬ್ಯಾಗ್ ಫ್ಯೂಸಿಗೆ ಮಾತ್ರ ಯಾರೂ ಟ್ಯಾಪ್ (ಫ್ಯೂಸಿನಿಂದ ಪವರ್ ಎಳೆಯುವ ಜೋಡಣೆ) ಹಾಕಬೇಡಿ, ಅದನ್ನು ಮೊದಲ ಸಾಲಿನಲ್ಲೇ ಬರೆದಿದ್ದೇನೆ.