ಸೋಗೆ ಒಪ್ಪಾರು ಒಳಗೆ ಸೋರುತ್ತಿದೆ, ಎಲ್ಲಿ ತಪ್ಪಿದೆ?

ಪ್ರಶ್ನೆ, ತೀರ್ಥಹಳ್ಳಿ ಕಡೆಯಿಂದ:
ನಮಸ್ಕಾರ. ಕಾಡಲ್ಲಿ ದಾರಿ ತಪ್ಪಿದರೆ ರಾತ್ರಿ ಕಳೆಯೋದು ಹೇಗೆ ಅಂತ ಮಗನಿಗೆ ಕಲಿಸಲು ತೋಟದ ಅಂಚಲ್ಲಿ ಒಪ್ಪಾರು (ಒಂದೇ ಕಡೆ ಇಳಿಜಾರಿರುವ ಮಾಡು) ಕಟ್ಟಿದ್ದೇವೆ. ಎರಡು ಮರದ ನಡುವೆ ಮೂರಡಿ ಎತ್ತರಕ್ಕೆ ಅಡ್ಡ ಬಿದಿರು. ಅಲ್ಲಿಂದ ನೆಲಕ್ಕೆ ಅಡಿಕೆ ಮರ ಸೀಳಿದ ದಬ್ಬೆ, ಮೇಲೆ ಸೋಗೆ, ಅಂದರೆ ಅಡಿಕೆ ಗರಿ. ಒಳಗೆ ಆರಡಿ ಆಳ. ನಿನ್ನೆ ಮಳೆಗೆ ಅರ್ಧ ಗಂಟೆ ತಡೆಯಿತು, ಆಮೇಲೆ ಹನಿ ಶುರು. ಹಾಸಿದ ದರಗೂ (ಒಣಗಿದ ಎಲೆ) ಒದ್ದೆ. ಇನ್ನೊಂದು ಪದರ ಸೋಗೆ ಹಾಕಿದರೂ ನಿಲ್ಲಲಿಲ್ಲ.

ಉತ್ತರ, ಹೊಸನಗರದಿಂದ:
ಪದರ ಬಿಡಿ, ಮೊದಲು ವಾಟ (ಇಳಿಜಾರು) ನೋಡಿ. ಆರಡಿಗೆ ಮೂರಡಿ ಎತ್ತರ ಸೋಗೆಗೆ ಸಾಲದು. ಆಳ ಎಷ್ಟೋ ಎತ್ತರವೂ ಅಷ್ಟೇ ಇರಲಿ, ಅಂದರೆ 45 ಡಿಗ್ರಿ. ಸೋಗೆಯ ಬುಡ ಯಾವ ಕಡೆ ಇದೆ?

ತೀರ್ಥಹಳ್ಳಿ:
ಬುಡ ಕೆಳಗಿದೆ. ಮೇಲಿಂದ ಕಟ್ಟುತ್ತಾ ಬಂದೆ.

ಹೊಸನಗರ:
ಹಾಗಾದರೆ ಪೂರ್ತಿ ಬಿಚ್ಚಲೇಬೇಕು. ಒಂದು ಸೋಗೆ ಕೈಲಿ ಹಿಡಿದು ನೋಡಿ, ಎಲೆಗಳೆಲ್ಲ ತುದಿ ಕಡೆ ಬಾಗಿವೆ ಅಲ್ವಾ? ಬುಡ ಕೆಳಗಿದ್ದರೆ ಎಲೆ ಮೇಲಿನ ನೀರು ನಡುದಿಂಡಿಗೆ ಬಂದು ಅಲ್ಲೇ ತೊಟ್ಟಿಕ್ಕುತ್ತದೆ. ಬುಡ ಮೇಲೆ, ತುದಿ ಕೆಳಗೆ ಇಡಿ. ಸೂರಿನಿಂದ ಶುರು ಮಾಡಿ, ಹೆಂಚು ಹೊದಿಸಿದ ಹಾಗೆ. ಮೇಲಿನ ಸಾಲು ಕೆಳಗಿನದರ ಅರ್ಧಕ್ಕಿಂತ ಜಾಸ್ತಿ ಮುಚ್ಚಲಿ. ನೆತ್ತಿಗೆ ಅಡಿಕೆ ಹಾಳೆ ಹಾಕಿ. ರಾತ್ರಿಯಿಡೀ ನೆನೆಸಿದರೆ ಸೀಳದೆ ಬಾಗುತ್ತದೆ.

ಆಮೇಲೆ ಹಗಲಲ್ಲಿ ಮಗನನ್ನು ಒಳಗೆ ಮಲಗಿಸಿ. ಬೆಳಕಿನ ಚುಕ್ಕೆ ಕಂಡ ಕಡೆ ಅವನು ಕೋಲಿಂದ ತೋರಿಸಲಿ, ನೀವು ಹೊರಗಿಂದ ಮುಚ್ಚಿ. ಕೊಟ್ಟಿಗೆ ಹೊದಿಸುವಾಗ ನಮ್ಮಜ್ಜ ನನ್ನನ್ನು ಹೀಗೇ ಕೂರಿಸುತ್ತಿದ್ದರು.

ಆಗುಂಬೆ ಕಡೆಯವರು:
ದರಗು ಒದ್ದೆಯಾಗೋದು ಮಾಡಿನಿಂದ ಮಾತ್ರ ಅಲ್ಲ. ಧರೆ (ಪಕ್ಕದ ದಿಬ್ಬ) ಕಡೆಯಿಂದ ಬರುವ ನೀರಿಗೆ ಗೇಣುದ್ದ ಆಳದ ಕಣಿ ತೆಗೆಯಿರಿ. ನಮ್ಮಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಬರುತ್ತದೆ, ಮಳೆಗಾಲದಲ್ಲಿ ನೆಲದ ಮೇಲೆ ಮಲಗುವ ಮಾತೇ ಇಲ್ಲ. ಇಂಬಳದ (ಜಿಗಣೆ) ಕಾಟ ಬೇರೆ. ಗದ್ದೆ ಕಾಯುವ ಮಾಳದ ಹಾಗೆ ಮೊಣಕಾಲೆತ್ತರ ಬಿದಿರಿನ ಅಟ್ಟ ಕಟ್ಟಿ. ಗಾಳಿ ಮಳೆ ಪಡುವಣದಿಂದ ಬರುತ್ತದೆ, ಬಾಯಿ ಮೂಡಣಕ್ಕಿರಲಿ. ಅಭ್ಯಾಸ ನಿಮ್ಮ ತೋಟದಲ್ಲೇ ಸಾಕು, ಮೀಸಲು ಅರಣ್ಯದಲ್ಲಿ ಹಸಿ ಮರ ಕಡಿಯೋದು ಅಪರಾಧ.

ತೀರ್ಥಹಳ್ಳಿ, ಮೂರು ದಿನದ ಮೇಲೆ:
ಬಿಚ್ಚಿ ಕಟ್ಟಿದೆವು. ಮಗ ಹನ್ನೊಂದು ಚುಕ್ಕೆ ತೋರಿಸಿದ, ಎಲ್ಲ ಮುಚ್ಚಿದೆ. ನಿನ್ನೆ ರಾತ್ರಿ ಜಡಿಮಳೆಗೂ ಅಟ್ಟ ಒಣಗಿತ್ತು. ಒಂದು ಮೂಲೆಯಲ್ಲಿ ಮಾತ್ರ ಹನಿ. ಅಲ್ಲಿ ಚುಕ್ಕೆಯೇ ಇಲ್ಲ.

ಹೊಸನಗರ:
ಅಲ್ಲಿ ಕಟ್ಟಿದ ಬಳ್ಳಿಯ ತುದಿ ಒಳಗೆ ನೇತಾಡುತ್ತಿದೆಯಾ ನೋಡಿ. ನೀರು ಬಳ್ಳಿ ಹಿಡಿದೇ ಇಳಿಯುತ್ತದೆ. ತುದಿಯನ್ನು ಹೊರಗೆ ತೆಗೆದು ಇಳಿಬಿಡಿ.

ತೀರ್ಥಹಳ್ಳಿ:
ಅದೇ ಆಗಿತ್ತು. ಹನಿ ನಿಂತಿದೆ.